ಬಿಳಿ ಸೆಲ್ಲು ಹಿಡಿದ ವರ್ಷ

ಪಕ್ಕದ ಮನೆಯ ಪಾಪಮ್ಮ ಮೊನ್ನೆ ಒಂದು ತಟ್ಟೆ ಹುರಿದ ಈಸಲು ಕಳಿಸಿದಳು. ಮೊದಲ ಮಳೆ ಬಿದ್ದ ಸಂಜೆ ಹುತ್ತದ ಬಾಯಿಂದ ಹೊಗೆ ಎದ್ದ ಹಾಗೆ ಎದ್ದು ಬಂದು ದೀಪಕ್ಕೆ ಮುತ್ತುತ್ತವಲ್ಲ, ಆ ರೆಕ್ಕೆಯ ಹುಳ. ಬೇರೆ ಏನೂ ಅಲ್ಲ, ಗೆದ್ದಲಿಗೆ ರೆಕ್ಕೆ ಬಂದರೆ ಈಸಲು. ತಮಿಳು ಸೀಮೆಗೆ ಸೇರಿದ ತಳಿ ಊರಿನ ಕಡೆಯ ನಮ್ಮ ಕನ್ನಡದ ಹಳ್ಳಿಗಳಲ್ಲಿ ಅದನ್ನು ಹಿಡಿದು, ಮೊರದಲ್ಲಿ ರೆಕ್ಕೆ ಕೇರಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಹಾಕಿ ಹುರಿಯುತ್ತೇವೆ. ತಿನ್ನದವರು ಮೂಗು ಮುರಿಯುತ್ತಾರೆ. ಮುರಿಯಲಿ.

ತಟ್ಟೆಯನ್ನು ಬಲಗೈಯಲ್ಲಿ ಇಸಿದುಕೊಂಡೆ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹೋದ ವಾರ ಕೋಸು ಕೊಯ್ಯುವಾಗ ಕುಡುಗೋಲು ತಾಗಿತ್ತು, ಗಾಯ ಕೀವು ಕಟ್ಟಿಕೊಂಡು ಮಿಡಿಯುತ್ತಿತ್ತು. ಹುರಿದ ಹುಳದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದಾಗಲೆಲ್ಲ ನನಗೆ ನನ್ನ ಸೊಸೆ ರತ್ನ ಬದುಕಿದ್ದ ಕೊನೆಯ ಮಳೆಗಾಲ ನೆನಪಾಗುತ್ತದೆ. ಬೇಡ ಅಂದರೂ ಆಗುತ್ತದೆ. ಮೂಗು ಮುಚ್ಚಿಕೊಂಡು ಎಷ್ಟು ಹೊತ್ತು ಇರುವುದು.

ನನಗೂ ರತ್ನನಿಗೂ ಬಹಳ ಚೆನ್ನಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಅವಳ ಬಾಯಿ ಜೋರು, ನನ್ನದು ಇನ್ನೂ ಜೋರು. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಅನ್ನುತ್ತಿದ್ದೆ, ನಾನು ಕೊಟ್ಟಿಗೆ ಗುಡಿಸದಿದ್ದರೆ ಅವಳು ಅನ್ನುತ್ತಿದ್ದಳು. ಆದರೆ ಕೆಲಸಕ್ಕೆ ಹಿಂದೆ ಬಿದ್ದವಳಲ್ಲ. ಬೆಳಗಾದರೆ ಮನೆಯ ಕೆಲಸ ಮುಗಿಸಿ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡಿಗೆ ಹೂ ಕತ್ತರಿಸಲು ಹೋಗುತ್ತಿದ್ದಳು. ಸಂಜೆ ಬಂದು ನಮ್ಮ ಹೊಲದಲ್ಲಿ ಕೈ ಹಾಕುತ್ತಿದ್ದಳು. ನನ್ನ ಮಗ ಮುನಿರಾಜು ಮೆತ್ತಗಿನವನು. ಮನೆ ನಡೆದದ್ದು ನಮ್ಮಿಬ್ಬರ ಜಗಳದ ಮೇಲೆ.

ಆ ವರ್ಷ ಮುಂಗಾರಿನ ಮೊದಲ ಮಳೆಯ ಸಂಜೆ ಅಂಗಳದ ಬಲ್ಬಿನ ಕೆಳಗೆ ರತ್ನ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಈಸಲು ಬಲ್ಬಿಗೆ ಬಡಿದು ನೀರಿಗೆ ಬೀಳುತ್ತಿದ್ದವು.

"ಅತ್ತೆ, ಲೈಟ್ ಆರುಸ್ಬೇಡಿ. ಇನ್ನೊಂದ್ ಬೋಗುಣಿ ಆಗ್ತದೆ."

"ತಿನ್ನಾಕೆ ಅಂದ್ರೆ ನೀನೇ ಮುಂದು."

"ಹುರಿಯಾಕೂ ನಾನೇ ಮುಂದಲ್ವಾ? ನೀವು ಬರೀ ಬಾಯಿ ಆಡ್ಸಾಕೆ."

ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡಿದ್ದಳು. ಮೀನಖಂಡದ ಮೇಲೆ ಅಂಗೈ ಅಗಲದ ಕಪ್ಪು ಕಲೆ ಕಂಡಿತು. ನಾನು ಬಗ್ಗಿ ನೋಡಿದೆ.

"ಎಲ್ಲಿ ಬಿದ್ದೆ?"

"ಎಲ್ಲೂ ಬಿದ್ದಿಲ್ಲ. ಗುಲಾಬಿ ಮುಳ್ಳು ತಾಗಿರ್ಬೇಕು."

"ಮುಳ್ಳು ತಾಗಿದ್ರೆ ಗೀರಾಗ್ತದೆ ಕಣೇ. ನೇರಳೆಹಣ್ಣು ಜಜ್ಜಿದಂಗೆ ಆಗಾಕಿಲ್ಲ."

"ಅಯ್ಯೋ, ನೋವಿಲ್ಲ ಬಿಡಿ ಅತ್ತೆ."

ಆವತ್ತು ಹುರಿದ ಈಸಲನ್ನು ಅವಳೇ ಹೆಚ್ಚು ತಿಂದಳು. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ್ದು ಕೆಂಪಗಿತ್ತು. ವಸಡು ಅಂದುಕೊಂಡೆವು. ಆಮೇಲೆ ಜ್ವರ ಬಂತು, ಮಾತ್ರೆಗೆ ಇಳಿಯಿತು, ಮತ್ತೆ ಬಂತು. ಕೋಸಿನ ಪೈರು ನಾಟಿ ಮಾಡುವ ಹೊತ್ತಿಗೆ ಅವಳು ಒಂದು ಸಾಲು ನಾಟಿ ಬದುವಿನ ಮೇಲೆ ಕೂರುವಳು. ರತ್ನ ಕೂತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. "ಸೋಮಾರಿತನ ಕಲ್ತ್ಕಂಡ್ಯಾ?" ಅಂದೆ. ತಿರುಗಿ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ತಳಿಯಲ್ಲಿ ತೋರಿಸಿದೆವು, ಹೊಸೂರಿಗೆ ಕಳಿಸಿದರು. ಹೊಸೂರಿನಲ್ಲಿ ರಕ್ತ ತೆಗೆದು ನೋಡಿ ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಮುನಿರಾಜು ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆವು. ಅಲ್ಲಿ ಮತ್ತೆ ರಕ್ತ ತೆಗೆದರು. ಮುನಿರಾಜು ಕಾಫಿ ತರಲು ಹೋಗಿದ್ದಾಗಲೇ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದಳು. ಸಣ್ಣ ವಯಸ್ಸಿನವಳು, ಮುಖ ಒಳ್ಳೆಯದು, ಮಾತು ತಮಿಳು.

"ಪಾಟಿ, ರತ್ತತ್ತುಲ ವೆಳ್ಳೈ ಸೆಲ್ ರೊಂಬ ಜಾಸ್ತಿ ಇರುಕ್ಕು. ಎಲುಂಬುಕ್ಕುಳ್ಳ ಇರುಂದು ವರುದು" ಅಂದಳು. ಅಜ್ಜಿ, ರಕ್ತದಲ್ಲಿ ಬಿಳಿ ಸೆಲ್ಲು ಬಹಳ ಜಾಸ್ತಿ ಇದೆ, ಎಲುಬಿನ ಒಳಗಿಂದ ಬರುತ್ತಿದೆ ಎಂದು.

ನನ್ನದು ಹೊಸೂರಿನ ಸಂತೆಯಲ್ಲಿ ಕೋಸು, ಬೀನ್ಸು ಮಾರಿ ಕಲಿತ ತಮಿಳು. ಆ ತಮಿಳಿನಲ್ಲಿ ಸೆಲ್ಲು ಅಂದರೆ ಗೆದ್ದಲು. ಬಾಗಿಲ ಚೌಕಟ್ಟು ಟೊಳ್ಳಾದರೆ ಸೆಲ್ಲು ಹಿಡಿದಿದೆ ಅನ್ನುತ್ತಾರೆ. ಬೇರೆ ಸೆಲ್ಲು ನನಗೆ ಗೊತ್ತಿದ್ದದ್ದು ಟಾರ್ಚಿಗೆ ಹಾಕುವುದು ಒಂದು, ಕಿವಿಗೆ ಹಿಡಿಯುವುದು ಒಂದು. ಅವೆರಡೂ ಮನುಷ್ಯರ ರಕ್ತದಲ್ಲಿ ಇರಲು ಸಾಧ್ಯವಿಲ್ಲ. ಗೆದ್ದಲಂತೂ ಬಿಳಿ. ಗೆದ್ದಲಂತೂ ಒಳಗಿಂದಲೇ ತಿನ್ನುವುದು. ನನಗೆ ಅನುಮಾನವೇ ಬರಲಿಲ್ಲ.

"ಅದು ಒಳಗೆ ಹೆಂಗೆ ಹೋಯ್ತು?" ಎಂದು ನನ್ನ ತಮಿಳಿನಲ್ಲಿ ಕೇಳಿದೆ.

ಹೊರಗಿಂದ ಹೋಗಿಲ್ಲ ಅಜ್ಜಿ, ಮೊದಲಿಂದ ಒಳಗೇ ಇರುವುದು, ಈಗ ಮಿತಿಮೀರಿ ಬೆಳೆದಿದೆ, ಕೆಂಪು ಸೆಲ್ಲಿಗೆ ಜಾಗ ಬಿಡುತ್ತಿಲ್ಲ ಅಂದಳು. ಅದು ಎಲ್ಲರಿಗೂ ಇರುತ್ತದೆ ಅಂದಳು.

"ಎನಕ್ಕುಮಾ?" ನನಗೂನಾ?

"ಉಂಗಳುಕ್ಕುಂ ತಾನ್, ಪಾಟಿ." ನಿಮಗೂ ಇದೆ ಅಜ್ಜಿ.

ನಾನು ನನ್ನ ಮೊಣಕೈ ಮುಟ್ಟಿ ನೋಡಿಕೊಂಡೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ತಡ ಮಾಡಬೇಡಿ, ಈ ವಾರವೇ ಹೋಗಿ ಎಂದು ಮತ್ತೆ ಮತ್ತೆ ಹೇಳಿದಳು. ಹೊರಗೆ ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ಕೂತಿದ್ದ ರತ್ನ ಕೇಳಿದಳು.

"ಏನಂತೆ ಅತ್ತೆ?"

"ಗೆದ್ಲಂತೆ."

"ಎಲ್ಲಿ?"

"ನಿನ್ನೊಳ್ಗೆ."

ಅವಳು, "ಆವತ್ತು ತಿಂದಿದ್ದು ಸರ್ಯಾಗಿ ಬೆಂದಿರ್ನಿಲ್ವೇನೋ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಊರಿಗೆ ಬಂದ ಮೇಲೆ ಯಾರು ಕೇಳಿದರೂ ನಾನು ಹೇಳಿದ್ದು ಇದನ್ನೇ: ರತ್ನನ ರಕ್ತಕ್ಕೆ ಗೆದ್ದಲು ಹಿಡಿದಿದೆ, ಮೂಳೆಯಲ್ಲಿ ಗೂಡು ಕಟ್ಟಿದೆ. ಯಾರೂ ನಗಲಿಲ್ಲ. ಪಾಪಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು.

"ಅಕ್ಕಯ್ಯ, ನಿಮ್ ಮುನಿರಾಜು ಹೋದ್ವರ್ಷ ಬದುವಿನ್ ಮೇಲಿದ್ದ ಹುತ್ತ ಕೀಳ್ಸಿದ್ನಲ್ಲ."

ಹೌದು, ಕೀಳಿಸಿದ್ದ. ನೀರಿನ ಪೈಪು ಎಳೆಯಲು ಅಡ್ಡವಾಗಿತ್ತೆಂದು ಜೆಸಿಬಿ ತಂದು ಆಳೆತ್ತರದ ಹುತ್ತ ಸಮ ಮಾಡಿಸಿದ್ದ. ನಾವು ನಾಗರಪಂಚಮಿಗೆ ಹಾಲು ಹೊಯ್ಯುತ್ತಿದ್ದ ಹುತ್ತ ಅದು. ಸಂಜೆಯೊಳಗೆ ಊರಿಗೆಲ್ಲ ಕಾರಣ ಸಿಕ್ಕಿತು. ಹೊರಗೆ ಮನೆ ಕೆಡವಿದಿರಿ, ಬಂದು ಸೊಸೆಯೊಳಗೆ ಕಟ್ಟಿಕೊಂಡಿತು. ಇದಕ್ಕಿಂತ ಸರಿಯಾದ ಕಾರಣ ಯಾರು ಕೊಡುತ್ತಾರೆ? ಹೂವಿನ ಶೆಡ್ಡಿನಲ್ಲಿ ಹೊಡೆಯುವ ಮದ್ದಿನಿಂದ ಬಂತು ಅಂದವರೂ ಇದ್ದರು. ನನಗೆ ಇದೂ ಗೊತ್ತಿಲ್ಲ, ಅದೂ ಗೊತ್ತಿಲ್ಲ. ಬೆಂಗಳೂರಿನ ಡಾಕ್ಟರನ್ನು ಆಮೇಲೆ ಕೇಳಿದಾಗ ಇಂಥದ್ದರಿಂದಲೇ ಬಂತು ಎಂದು ಹೇಳಲಾಗುವುದಿಲ್ಲ ಅಂದ.

ಮುನಿರಾಜು ಮಾತ್ರ ಕುಸಿದುಹೋದ. ಜಗುಲಿಯ ಮೇಲೆ ಮಂಡಿಗೆ ತಲೆ ಕೊಟ್ಟು ಕೂತ.

"ಬೆಂಗ್ಳೂರು ಆಮ್ಯಾಕೆ ನೋಡಾನ ಕಣವ್ವ. ಮೊದ್ಲು ಹುತ್ತದ ಜಾಗದಲ್ಲಿ ಶಾಂತಿ ಮಾಡ್ಸಾನ. ಅಮಾವಾಸ್ಯೆ ಆಗ್ಲಿ ಅಂದ್ರು ಪೂಜಾರಪ್ಪ."

"ಅಮಾವಾಸ್ಯೆ ಎಲ್ಲೋ ಐತಲ್ಲೋ."

"ನಾನ್ ಕಿತ್ತಿದ್ದು, ನಾನೇ ಸರಿ ಮಾಡ್ಬೇಕು."

ಆಗ ಒಳಗಿಂದ ಬಂದವಳು ಶೋಭ, ನನ್ನ ಮೊಮ್ಮಗಳು. ಅವರಿಬ್ಬರಿಗೆ ಒಬ್ಬಳೇ ಮಗಳು. ಆ ವರ್ಷ ಹತ್ತನೇ ತರಗತಿ, ಕನ್ನಡದಲ್ಲಿ ಓದುತ್ತಿದ್ದಳು. ಅವರಮ್ಮನ ಹಾಗೆ ಬಾಯಿ ಇಲ್ಲ, ಅಪ್ಪನ ಹಾಗೆ ಮೆತ್ತಗೆ. ಆವತ್ತು ಮಾತ್ರ ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಅಪ್ಪನ ಮುಂದೆ ನಿಂತಳು.

"ಅಪ್ಪ, ಗೆದ್ಲಲ್ಲ ಅದು. ಅಜ್ಜಿ ತಪ್ಪಾಗಿ ಕೇಳಿಸ್ಕಂಡವ್ರೆ. ಸೆಲ್ಲು ಅನ್ನೋದು ಇಂಗ್ಲೀಷು. ನಮ್ ಪುಸ್ತಕದಾಗೆ ಜೀವಕೋಶ ಅಂತ ಐತೆ."

"ಜೀವಕೋಸಾ?" ಅಂದೆ ನಾನು.

"ಕೋಸಲ್ಲ ಅಜ್ಜಿ. ಕೋಶ. ಶ, ಶ."

"ನಾನೂ ಅದೇ ಅಂದಿದ್ದು. ಕೋಸು."

ಅವಳಿಗೆ ನಗು ಬಂದುಬಿಟ್ಟಿತು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಯಾರೋ ನಕ್ಕದ್ದು. ನನ್ನ ನಾಲಿಗೆಗೆ ಆ ಅಕ್ಷರ ಹೊರಳುವುದಿಲ್ಲ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನ್ನದು, ಅದರಲ್ಲಿ ಅದು ಇಲ್ಲ. ಅವಳು ಪುಸ್ತಕ ಪಕ್ಕಕ್ಕಿಟ್ಟು ಅಡುಗೆಮನೆಯಿಂದ ಒಂದು ಕೋಸಿನ ಗೆಡ್ಡೆ ಮತ್ತು ಚಾಕು ತಂದಳು. ಉದ್ದಕ್ಕೆ ಎರಡು ಹೋಳು ಮಾಡಿ ಒಂದನ್ನು ನನ್ನ ಕೈಗೆ, ಒಂದನ್ನು ಅವರಪ್ಪನ ಕೈಗೆ ಕೊಟ್ಟಳು.

"ಸರಿ, ಕೋಸು ಅಂತಾನೇ ಇಟ್ಕಳಿ. ನಮ್ ಮೈಯೆಲ್ಲ ಇಂಥವೇ. ಕಣ್ಣಿಗೆ ಕಾಣದಷ್ಟು ಸಣ್ಣವು. ಚರ್ಮದಾಗೂ ಅವೇ, ಮಾಂಸದಾಗೂ ಅವೇ, ರಕ್ತದಾಗೂ ಅವೇ. ನಡುವೆ ದಿಂಡು ಐತಲ್ಲ, ಅದು ಕೋಶಕೇಂದ್ರ. ಯಾವ ಕೋಶ ಏನ್ ಕೆಲ್ಸ ಮಾಡ್ಬೇಕು, ಯಾವಾಗ ಎರಡಾಗ್ಬೇಕು, ಎಲ್ಲ ಅದೇ ಹೇಳೋದು. ಸುತ್ತ ತುಂಬ್ಕಂಡಿರೋದು ಕೋಶದ್ರವ, ಗಂಜಿ ಇದ್ದಂಗೆ. ಅದ್ರಾಗೆ ತೇಲಾಡ್ಕಂಡು ಸಣ್ ಸಣ್ ಒಲೆಗಳಿರ್ತವೆ, ಮೈಟೋಕಾಂಡ್ರಿಯ ಅಂತ. ಉಂಡಿದ್ನ ಉರಿಸಿ ಶಕ್ತಿ ಮಾಡ್ತವೆ. ಗುಂಡಿಗೆಯಾಗೆ ಜಾಸ್ತಿ."

"ಮೇಲಿನ್ ಹಸ್ರು ಎಲೆ?"

"ಹಸಿರು ಗಿಡದಾಗೆ ಮಾತ್ರ. ಎಲೆ ಬಿಸ್ಲಿನಾಗೆ ಅಡುಗೆ ಮಾಡ್ಕಳಾಕೆ. ಹೊರಗಿನ್ ಗಟ್ಟಿ ಎಲೆ ಐತಲ್ಲ, ಅದು ಕೋಶಭಿತ್ತಿ, ಗೋಡೆ. ಅದೂ ಗಿಡಕ್ಕೇನೆ. ನಮ್ದಕ್ಕೆ ಗೋಡೆ ಇಲ್ಲ. ತೆಳ್ಳನೆ ಪೊರೆ ಒಂದೇ."

ಕೋಸಿನ ವಿಷಯ ನನಗೆ ಯಾರೂ ಹೇಳಬೇಕಾಗಿಲ್ಲ. ಹೊರಗಿನ ಎಲೆ ಕಿತ್ತುಬಿಟ್ಟರೆ ಗೆಡ್ಡೆ ಒಂದು ಬಿಸಿಲು ತಡೆಯುವುದಿಲ್ಲ, ಬಾಡುತ್ತದೆ, ಕೊಳೆಯುತ್ತದೆ. ಅದಕ್ಕೇ ಸಂತೆಗೆ ಹೋಗುವವರೆಗೂ ಆ ಎಲೆ ತೆಗೆಯುವುದಿಲ್ಲ.

"ಗಿಡಕ್ಕೆ ಗೋಡೆ ಕಟ್ಟಿ ಮನುಷ್ಯರ್ಗೆ ಪೊರೆ ಕೊಟ್ಟವ್ನಾ ದೇವ್ರು?" ಅಂದೆ.

"ಗಿಡ ನಿಂತಲ್ಲೇ ನಿಂತಿರ್ತದಲ್ಲ ಅಜ್ಜಿ. ನಾವು ಬಗ್ಗಬೇಕು, ಓಡಾಡ್ಬೇಕು. ಗೋಡೆ ಇದ್ರೆ ಆಗಾಕಿಲ್ಲ."

"ಓಡಾಡಿ ಏನ್ ಕಡಿದು ಕಟ್ಟೆ ಹಾಕಿದ್ವಿ?"

ಮುನಿರಾಜು ಹೋಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅವನು ಕೇಳಿದ: "ಬಿಳೀ ಸೆಲ್ಲು ಅಂದ್ರೆ?"

"ರಕ್ತದಾಗೆ ಎರಡು ಥರ ಅಪ್ಪ. ಕೆಂಪು ಕೋಶಕ್ಕೆ ದಿಂಡಿಲ್ಲ, ಉಸುರು ಹೊರಾದೇ ಅದರ ಕೆಲ್ಸ. ಬಿಳೀದಕ್ಕೆ ದಿಂಡು ಐತೆ. ಅದು ಕಾವಲಿಗೆ. ಹೊರಗಿಂದ ರೋಗ ಬಂದ್ರೆ ಹಿಡ್ದು ತಿಂದಾಕ್ತದೆ. ಎರಡೂ ಹುಟ್ಟಾದು ಮೂಳೆಯೊಳ್ಗೆ."

"ಕಾವಲಿನೋರು ಜಾಸ್ತಿ ಆದ್ರೆ ಒಳ್ಳೇದೇ ಅಲ್ವೇನವ್ವ?"

ಶೋಭ ಪುಸ್ತಕದ ಕಡೆ ನೋಡಿದಳು.

"ಅದು ಪುಸ್ತಕದಾಗಿಲ್ಲ ಅಪ್ಪ. ಅದ್ನ ಕೇಳಾಕೇ ಬೆಂಗ್ಳೂರಿಗೆ ಹೋಗ್ಬೇಕು. ನಾಳೇನೇ."

ಒಳಗೆ ಚಾಪೆಯ ಮೇಲೆ ಮಲಗಿದ್ದ ರತ್ನ ಎಲ್ಲ ಕೇಳಿಸಿಕೊಂಡಿದ್ದಳು. "ಪಾಠ ಮುಗೀತಾ? ಆ ಕೋಸು ಒಣಗಿಸ್ಬೇಡ್ರಿ, ಸಾರಿಗೆ ಹಾಕಿ" ಎಂದು ಕೂಗಿದಳು.

ಮಾರನೆಯ ಬೆಳಿಗ್ಗೆ ನಾನು ಒಂದು ಲೋಟ ಹಾಲು ತೆಗೆದುಕೊಂಡು ಹೋಗಿ ಹುತ್ತ ಇದ್ದ ಜಾಗಕ್ಕೆ ಹೊಯ್ದೆ. ಅಮಾವಾಸ್ಯೆಗೆ ಕಾಯಲಿಲ್ಲ. ಹೊಯ್ದು ಬಂದು ಬಸ್ಸು ಹತ್ತಿದೆ. ಎರಡೂ ಮಾಡಿದೆ. ಎರಡರಲ್ಲಿ ಯಾವುದು ಕೈ ಹಿಡಿದರೂ ನನಗೆ ಬೇಡ ಎನ್ನುವಂತಿರಲಿಲ್ಲ.

ಬೆಂಗಳೂರಿನಲ್ಲಿ ಮಾತು ಕನ್ನಡದ್ದೇ. ತಿಳಿದದ್ದು ಮಾತ್ರ ಕೃಷ್ಣಗಿರಿಗಿಂತ ಕೆಟ್ಟದ್ದು. ಮೊದಲು ಅವಳನ್ನು ಕವುಚಿ ಮಲಗಿಸಿ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದರು. ಹೊರಗೆ ಬಂದ ರತ್ನನ ತುಟಿ ಬೆಳ್ಳಗಾಗಿತ್ತು.

"ನಲ್ಲಿಮೂಳೆ ಹೀರ್ದಂಗೆ ಹೀರ್ಬುಟ್ರು ಅತ್ತೆ" ಅಂದಳು. "ಉಪ್ಪುಕಾರ ಒಂದು ಕಮ್ಮಿ."

ಡಾಕ್ಟರು ನಡುವಯಸ್ಸಿನ ಗಂಡಸು. ಮುನಿರಾಜು ಕೇಳಿದ್ದನ್ನೇ ನಾನು ಕೇಳಿದೆ, ಕಾವಲಿನವರು ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು. ಅವನು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದ: "ಹೆಚ್ಚಾಗಿರೋದು ಬಲಿಯದೇ ಇರೋವು ಅಜ್ಜಿ. ಹುಟ್ತಾವೆ, ಬಲಿಯಲ್ಲ, ಸಾಯೋದೂ ಇಲ್ಲ. ಜಾಗ ಎಲ್ಲ ತುಂಬ್ಕೊಂಡಿವೆ."

ಅದು ನನಗೆ ತಿಳಿಯಿತು. ಸಸಿ ಬೆಳೆಸುವ ಒಟ್ಟಲು ಪಾತಿಯಲ್ಲಿ ಕೋಸಿನ ಬೀಜ ಒತ್ತೊತ್ತಾಗಿ ಬಿದ್ದರೆ ಹೀಗೇ. ಎಲ್ಲ ಮೊಳೆಯುತ್ತವೆ, ತೆಳ್ಳಗೆ ಬೆಳ್ಳಗೆ ಎದ್ದು ಒಂದರ ಮೇಲೊಂದು ಬೀಳುತ್ತವೆ. ಒಂದೂ ಗೆಡ್ಡೆ ಕಟ್ಟುವುದಿಲ್ಲ, ಬೇರೆ ಏನನ್ನೂ ಬೆಳೆಯಗೊಡುವುದಿಲ್ಲ. ಅಂಥ ಪಾತಿಯನ್ನು ನಾನು ಗುದ್ದಲಿ ಹಾಕಿ ಅಗೆದು ಹಾಕುತ್ತೇನೆ. ರತ್ನನ ಮೂಳೆಗೆ ಗುದ್ದಲಿ ಹಾಕುವುದು ಹೇಗೆ? ತಿಳಿಯಿತು, ಅಷ್ಟೇ. ತಿಳಿದದ್ದರಿಂದ ಏನೂ ಆಗಲಿಲ್ಲ.

ಮದ್ದು ಹಾಕಲು ಶುರು ಮಾಡಿದರು. ಬಾಟಲಿಯಲ್ಲಿ ಕೆಂಪಗೆ ಇರುತ್ತಿತ್ತು, ಕೈಯ ನರಕ್ಕೆ ಇಳಿಯುತ್ತಿತ್ತು. ನಾನು ಅವಳ ಜೊತೆಗಿದ್ದೆ, ಮುನಿರಾಜು ಊರಿಗೂ ಆಸ್ಪತ್ರೆಗೂ ಓಡಾಡುತ್ತಿದ್ದ. ಶೋಭ ಮನೆಯಲ್ಲಿ ಅಡುಗೆ ಮಾಡಿಕೊಂಡು, ಹಸು ನೋಡಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹೊರಗೆ ಮಳೆ ಬಿಟ್ಟೂ ಬಿಡದೆ ಬರುತ್ತಿತ್ತು. ಆಸ್ಪತ್ರೆಯ ಕಿಟಕಿಯಿಂದ ಒಂದು ತಗಡಿನ ಸೂರು ಕಾಣುತ್ತಿತ್ತು. ಮಳೆ ನೋಡುವುದು ಅಂದರೆ ಆ ತಗಡು ನೆನೆಯುವುದನ್ನು ನೋಡುವುದು.

ರತ್ನನ ಕೂದಲು ದಿಂಬಿಗೆ ಅಂಟಿಕೊಂಡು ಬರತೊಡಗಿತು. ನಾನೇ ಆರಿಸಿ ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದೆ. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ಆದರೂ ಒಂದು ದಿನ ನನ್ನನ್ನು ದಿಟ್ಟಿಸಿ ನೋಡಿ ಅಂದಳು:

"ಜಗಳ ಆಡಿ ಅತ್ತೆ. ಸುಮ್ನೆ ಕೂತಿದ್ರೆ ಭಯ ಆಗ್ತದೆ."

"ಏನಂತ ಆಡ್ಲಿ?"

"ಉಪ್ಪು ಜಾಸ್ತಿ ಆಗೈತೆ ಅನ್ನಿ."

"ಉಪ್ಪು ಜಾಸ್ತಿ ಆಗೈತೆ."

"ನಿಮ್ ನಾಲ್ಗೇನೇ ಸರಿ ಇಲ್ಲ" ಅಂದಳು. ಅಷ್ಟಕ್ಕೇ ಏದುಸಿರು ಬಂತು. ಸುಧಾರಿಸಿಕೊಂಡು ಬೇರೆ ದನಿಯಲ್ಲಿ ಹೇಳಿದಳು: "ಶೋಭನ್ನ ಹೂವಿನ ಶೆಡ್ಡಿಗೆ ಕಳಿಸ್ಬೇಡಿ. ಓದ್ಲಿ."

"ನೀನೇ ಬಂದು ಓದ್ಸು."

"ಬತ್ತೀನಿ. ಬರ್ದಿದ್ರೆ ಅಂತ ಹೇಳ್ತಿದೀನಿ."

ಮದ್ದು ಕೆಲಸ ಮಾಡಿತು. ಅದನ್ನು ಇಲ್ಲ ಅನ್ನುವುದಿಲ್ಲ. ಬಿಳಿ ಸೆಲ್ಲು ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಮುಂದಿನ ಪಿಳ್ಳೇಕಮ್ಮನ ಗುಡಿಗೆ ಕರ್ಪೂರ ಹಚ್ಚಿಬಂದೆ. ಆಮೇಲೆ ಇನ್ನೂ ಇಳಿಯಿತು. ಆಮೇಲೆ ಪೂರ್ತಿ ಇಳಿಯಿತು. ಅವಳಿಗೆ ಮತ್ತೆ ಜ್ವರ ಬಂತು. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದ.

"ಈಗ ಅವರ ರಕ್ತದಲ್ಲಿ ಬಿಳಿ ಕಣ ಅನ್ನೋದೇ ಇಲ್ಲ ಅಜ್ಜಿ. ಸಣ್ಣ ಸೋಂಕನ್ನೂ ಮೈ ತಡಿಯಲ್ಲ."

ನನಗೆ ಸಿಟ್ಟು ಬಂತು. "ಮೊದ್ಲು ಜಾಸ್ತಿ ಅಂದ್ರಿ, ಅದಕ್ಕೇ ಮದ್ದು ಹಾಕಿದ್ರಿ. ಈಗ ಇಲ್ಲ ಅಂತೀರಲ್ಲ ಸ್ವಾಮಿ."

"ಮದ್ದಿಗೆ ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು ಗೊತ್ತಾಗಲ್ಲ. ಎಲ್ಲಾ ತೆಗೀತದೆ. ಒಳ್ಳೇವು ಮತ್ತೆ ಹುಟ್ಟಿ ಬರಬೇಕು. ಅ‍ಲ್ಲೀವರೆಗೂ ಅವರು ತಡ್ಕೋಬೇಕು."

"ಅಲ್ಲೀಗಂಟ ನಂದು ತಕ್ಕಳಿ" ಅಂದೆ.

"ಏನು?"

"ನಂದು. ಬಿಳೀದು. ಎಲ್ಲಾರ್ಗೂ ಇರ್ತದೆ ಅಂತ ಕೃಷ್ಣಗಿರಿ ಡಾಕ್ಟ್ರಮ್ಮ ಹೇಳವ್ರೆ. ನಂಗೂ ಐತಂತೆ. ನಂಗೇನಕ್ಕೆ ಇನ್ನ? ತಕ್ಕಂಡು ಅವ್ಳಿಗೆ ಹಾಕಿ."

ತೋಳಿನ ಸೀರೆ ಸರಿಸಿ ಅವನ ಮುಂದೆ ಹಿಡಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ನನ್ನ ತೋಳನ್ನು ಮೆತ್ತಗೆ ಕೆಳಗಿಳಿಸಿದ.

"ಕೆಂಪು ರಕ್ತ ಆದ್ರೆ ಕೊಡಬಹುದಿತ್ತು ಅಜ್ಜಿ. ಇದು ಹಾಗಲ್ಲ. ನಿಮ್ಮದು ಅವರಲ್ಲಿ ನಿಲ್ಲಲ್ಲ. ನಿಮ್ಮದು ನಿಮಗಷ್ಟೇ ಕಾವಲು."

ಶೋಭ ಹೇಳಿದ್ದು ನೆನಪಾಯಿತು, ನಮ್ಮದಕ್ಕೆ ಗೋಡೆ ಇಲ್ಲ ಎಂದು. ಗೋಡೆಯೂ ಇಲ್ಲ, ಕಾವಲೂ ಇಲ್ಲ. ಬಾಗಿಲು ತೆರೆದ ಮನೆಯಲ್ಲಿ ಮಲಗಿದ ಹಾಗೆ ಮಲಗಿದ್ದಳು ನನ್ನ ಸೊಸೆ. ಮುಟ್ಟಬೇಡಿ, ಹತ್ತಿರ ಉಸಿರಾಡಬೇಡಿ ಎಂದು ನನ್ನ ಮೂಗಿಗೆ ಬಟ್ಟೆ ಕಟ್ಟಿಸಿದರು. ಅವಳ ಬಾಯಿಗೆ ಹನಿ ನೀರು ಬಿಡುವಾಗಲೂ ಕೈ ತೊಳೆದುಕೊಂಡು, ಮತ್ತೆ ತೊಳೆದುಕೊಂಡು ಬಿಟ್ಟೆ. ಒಳ್ಳೆಯವು ಹುಟ್ಟಿ ಬರುತ್ತವೆ ಎಂದು ಕಾದೆವು. ಬೆಳಿಗ್ಗೆ ಬೆಳಿಗ್ಗೆ ರಕ್ತ ತೆಗೆದು ನೋಡುವರು. ನರ್ಸಿನ ಮುಖ ನೋಡಿದರೆ ಸಾಕಿತ್ತು, ಕೇಳುವ ಅಗತ್ಯವಿರಲಿಲ್ಲ.

ಹುಟ್ಟಿ ಬರಲಿಲ್ಲ. ದೀಪಾವಳಿ ಹತ್ತಿರವಿತ್ತು. ಮಟಮಟ ಮಧ್ಯಾಹ್ನ ನಾನು ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಾಗ ಹೋದಳು. ಮುನಿರಾಜು ಹತ್ತಿರವಿದ್ದ. ಏನಾದರೂ ಅಂದಳಾ ಎಂದು ಕೇಳಿದೆ. ಇಲ್ಲ ಅಂದ.

ವ್ಯಾನಿನಲ್ಲಿ ತಂದೆವು. ಶೆಡ್ಡಿನಲ್ಲಿ ಅವಳ ಜೊತೆ ದುಡಿದ ಹೆಂಗಸರು ಗುಲಾಬಿ ತಂದಿದ್ದರು. ಹಾರವಲ್ಲ. ಪರದೇಶಕ್ಕೆ ಕಳಿಸುವ ಹಾಗೆ ಉದ್ದನೆಯ ಕಡ್ಡಿ ಸಮೇತ, ಮುಳ್ಳು ತೆಗೆದ ಗುಲಾಬಿ. ಹಾರ ಕಟ್ಟಲು ಅವುಗಳ ಕತ್ತು ಮುರಿಯಬೇಕಿತ್ತು, ಯಾರಿಗೂ ಕೈ ಬರಲಿಲ್ಲ. ಸೌದೆ ಪೇರಿಸಿದ ಹಾಗೆ ಅವಳ ಎರಡೂ ಪಕ್ಕಕ್ಕೆ ಪೇರಿಸಿದರು. ಪಾಪಮ್ಮ ನನ್ನ ಕಿವಿಯಲ್ಲಿ, "ಅಮಾವಾಸ್ಯೆಗೆ ಕಾಯ್ಬೇಕಿತ್ತು ಅಕ್ಕಯ್ಯ" ಅಂದಳು. ಅಲ್ಲೇ ಬೈದೆ. ಹೆಣದ ಮುಂದೆ ಬೈಯುವ ಮಾತಲ್ಲ, ಆದರೂ ಬೈದೆ.

ಮೂರನೆಯ ದಿನ ಹೊಲಕ್ಕೆ ಹೋದೆ. ರತ್ನ ಅರ್ಧ ನಾಟಿ ಮಾಡಿ ಬದುವಿನ ಮೇಲೆ ಕೂತಿದ್ದ ಹೊಲ. ಕೊಯ್ಯುವವರಿಲ್ಲದೆ ಕೋಸು ಬಲಿತು, ಮಳೆ ಕುಡಿದು, ಸಾಲು ಸಾಲಾಗಿ ಒಡೆದು ನಿಂತಿದ್ದವು. ಬಿರಿದ ಗೆಡ್ಡೆಯೊಳಗೆ ನೀರು, ನೀರಿನಲ್ಲಿ ಹುಳ. ಗೋಡೆಯಿದ್ದವೂ ಒಡೆಯುತ್ತವೆ ಎಂದು ಶೋಭನಿಗೆ ಹೇಳಬೇಕು ಅಂದುಕೊಂಡೆ. ಒಡೆದದ್ದನ್ನೆಲ್ಲ ಕಿತ್ತು ಹಸುವಿಗೆ ಹಾಕಿದೆ.

ಶೋಭ ಪರೀಕ್ಷೆ ಬರೆದಳು. ವಿಜ್ಞಾನದ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಪ್ರಾಣಿಕೋಶದ ಚಿತ್ರ ಬರೆದು ಭಾಗ ಗುರುತಿಸಿ ಅಂತ ಬಂದಿತ್ತು ಅಂದಳು.

"ಬರುದ್ಯಾ?"

"ಬರುದೆ."

"ಗೋಡೆ ಹಾಕ್ಲಿಲ್ಲ ತಾನೆ?"

"ಇಲ್ಲ ಅಜ್ಜಿ. ಹಾಕಿದ್ರೆ ತಪ್ಪು."

ಪಾಸಾದಳು. ಮುಂದಕ್ಕೆ ವಿಜ್ಞಾನ ಕನ್ನಡದಲ್ಲಿ ನಮ್ಮ ಹತ್ತಿರ ಎಲ್ಲೂ ಸಿಗಲಿಲ್ಲ, ದೂರ ಕಳಿಸಿದರೆ ಮನೆಗೆಲಸಕ್ಕೆ ಇನ್ನೊಂದು ಹೆಣ್ಣಾಳು ಇರಲಿಲ್ಲ. ಸಿಕ್ಕಿದ್ದನ್ನು ಹನ್ನೆರಡರವರೆಗೆ ಓದಿದಳು. ಹೂವಿನ ಶೆಡ್ಡಿಗೆ ನಾನು ಕಳಿಸಲಿಲ್ಲ, ಆ ಮಾತು ಉಳಿಸಿದೆ. ಈಗ ಕಂಪನಿಯ ಬಸ್ಸು ಊರ ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತದೆ. ಏನು ಕೆಲಸ ಎಂದು ಮೊದಲ ದಿನ ಕೇಳಿದ್ದಕ್ಕೆ, "ಸೆಲ್ ಪಾರ್ಟ್ಸು ಅಜ್ಜಿ" ಅಂದಳು. ಫೋನಿನ ಸಣ್ಣ ಸಣ್ಣ ಭಾಗಗಳಂತೆ, ಎಲ್ಲೆಲ್ಲಿ ಯಾವುದು ಕೂರಬೇಕೋ ಅಲ್ಲಲ್ಲಿ ಕೂರಿಸುವುದಂತೆ. ದಿನವೆಲ್ಲ ನಿಂತೇ ಇರಬೇಕು, ಕಾಲು ಊದುತ್ತದೆ. ಅವಳಾಗಿ ಏನೂ ಹೇಳುವುದಿಲ್ಲ. ಅವರಮ್ಮನಿಗಿದ್ದ ಬಾಯಿ ಇವಳಿಗೆ ಬರಲೇ ಇಲ್ಲ.

ಮೊನ್ನೆ ಪಾಪಮ್ಮನ ತಟ್ಟೆಯನ್ನು ನಾನು ರತ್ನ ಹೋದ ಮೇಲಿನ ಪ್ರತಿ ವರ್ಷದಂತೆ ಹಿತ್ತಲಿಗೆ ತೆಗೆದುಕೊಂಡು ಹೋಗಿ ಕೋಳಿಗೆ ಸುರಿಯತೊಡಗಿದ್ದೆ. ಅರ್ಧ ಸುರಿಯುವಷ್ಟರಲ್ಲಿ ಶೋಭ ಕೆಲಸದಿಂದ ಬಂದಳು. ಕಂಪನಿಯ ನೀಲಿ ಬಟ್ಟೆಯಲ್ಲೇ ಬಂದು ತಟ್ಟೆ ಕಿತ್ತುಕೊಂಡು, ನಿಂತಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದಳು.

"ಬೆಳ್ಳುಳ್ಳಿ ಸಾಲ್ದು" ಅಂದಳು. ಆಮೇಲೆ ನನ್ನ ಕೈ ನೋಡಿದಳು. "ಇನ್ನೂ ಆರಿಲ್ವಾ? ಕೊಡಿಲ್ಲಿ."

ಕಟ್ಟೆಯ ಮೇಲೆ ಕೂರಿಸಿ ಬಟ್ಟೆ ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ ಹೆಬ್ಬೆರಳು ಒತ್ತಿದಳು. ನೋವಿಗೆ ಅವಳ ತಲೆಗೊಂದು ಮೊಟಕಿದೆ. ಕೀವು ದಪ್ಪಗೆ, ಬೆಳ್ಳಗೆ ಉಕ್ಕಿ ಬಂದು ಬೆರಳಿನ ಮೇಲೆ ಇಳಿಯಿತು. ಅವಳು ಅದನ್ನು ತಕ್ಷಣ ಒರೆಸಲಿಲ್ಲ.

"ಕೀವು ಅಂದ್ರೆ ಏನ್ ಗೊತ್ತಾ ಅಜ್ಜಿ?"

"ಹೊಲಸು."

"ಬಿಳಿ ಸೆಲ್ಲು. ಸೋಂಕಿನ ಮೇಲೆ ಬಿದ್ದು, ಅದ್ನ ಹಿಡ್ದು ತಿಂದು, ಸತ್ತಿರೋವು."

ನಾನು ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಆವತ್ತು ತೋಳು ಚಾಚಿ ತೆಗೆದುಕೊಳ್ಳಿ ಅಂದದ್ದು ಇದನ್ನೇ. ಇಷ್ಟೊಂದು ಇತ್ತು ನನ್ನಲ್ಲಿ. ಕುಡುಗೋಲು ತಾಗಿದ ಮುದುಕಿಯ ಹೆಬ್ಬೆರಳಿಗೋಸ್ಕರ ಸಾಯುವಷ್ಟು.

ಶೋಭ ಒರೆಸಿ, ಅರಿಶಿನ ಮೆತ್ತಿ, ಹೊಸ ಬಟ್ಟೆ ಕಟ್ಟಿದಳು. ನಾಲ್ಕು ದಿನದಲ್ಲಿ ಮಾಗುತ್ತದೆ ಅಂದಳು. ಮಾಗುತ್ತದೆ. ನನ್ನ ಗಾಯ ಯಾವಾಗಲೂ ಮಾಗುತ್ತದೆ.